ನಾಲ್ಕು ಗೇಣಿನ ಪೆಟ್ಟಿಗೆ

ಲಿಫ್ಟ್ ರಿಪೇರಿಯವನಿಗೆ ಹೊಟ್ಟೆಕಿಚ್ಚು ಹತ್ತಿದ್ದು ಷಡ್ಡಕನ ಮನೆಯ ಹಜಾರದಲ್ಲಿ, ಚಹಾ ಕೈಗೆ ಬರುವ ಮೊದಲೇ. ಷಡ್ಡಕ ಹಲ್ಲಿನ ಡಾಕ್ಟರ್. ಇಬ್ಬರಿಗೂ ಸಿಂಥಸೈಜರ್ ಹುಚ್ಚು. ಸದ್ದು ಹುಟ್ಟಿಸುವ, ಸದ್ದು ತಿರುಚುವ ಮಾಡ್ಯೂಲುಗಳನ್ನು ಒಂದೊಂದಾಗಿ ಕೊಂಡು, ಪೆಟ್ಟಿಗೆಯಲ್ಲಿ ಸಾಲಾಗಿ ಕೂರಿಸಿ, ವೈರು ಸಿಕ್ಕಿಸಿ ನುಡಿಸುವ ಹುಚ್ಚು. ಷಡ್ಡಕ ಅಂಗಡಿಯಿಂದ ತೇಗದ ಪೆಟ್ಟಿಗೆಯನ್ನೇ ತರಿಸಿದ್ದ, ಅದೂ ಭರ್ತಿ. ಅದರ ಅಂಚನ್ನು ಸವರಿ ರಿಪೇರಿಯವನ ಹೆಂಡತಿ ಎಷ್ಟು ಚೆನ್ನಾಗಿದೆ ಎಂದಳು. ಹನ್ನೊಂದು ವರ್ಷದ ಸಂಸಾರದಲ್ಲಿ ಗಂಡನ ಒಂದು ಸಾಮಾನನ್ನೂ ಅವಳು ಹಾಗೆ ಸವರಿದವಳಲ್ಲ. ಇವನು ನೋಡುವ ನೆವದಲ್ಲಿ ಗೇಣು ಹಾಕಿ ಅಳೆದ. ಎರಡೂವರೆ ಗೇಣು.

ತನ್ನದು ನಾಲ್ಕು ಗೇಣು ಇರಲೇಬೇಕು ಎಂದು ಹಟ ಹಿಡಿದ. ಪಕ್ಕದ ಮನೆಯವರು ಎಸೆದ ಪುಸ್ತಕದ ಕಪಾಟಿನ ಹಲಗೆ, ಕಳಚಿಹಾಕಿದ್ದ ಲಿಫ್ಟಿನ ಅಲ್ಯೂಮಿನಿಯಂ ಪಟ್ಟಿ, ಕೆಟ್ಟ ಕಂಪ್ಯೂಟರಿನ ಪವರ್ ಸಪ್ಲೈ ಹೊಂದಿಸಿದ. ಸ್ಕ್ರೂ ತೂತು ಒಂದೂ ಕೂದಲೆಳೆಯಷ್ಟು ಆಚೀಚೆ ಆಗಲಿಲ್ಲ. ಕೈಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ, ಬುದ್ಧಿಯ ಮಾತು ಬೇರೆ. ಪೆಟ್ಟಿಗೆ ಎದ್ದು ನಿಂತ ಮೇಲೆ ಹೊಳೆಯಿತು, ತನ್ನಲ್ಲಿರುವುದು ಮೂರೇ ಮಾಡ್ಯೂಲು. ಮಿಕ್ಕದ್ದೆಲ್ಲ ಬೊಚ್ಚುಬಾಯಿ.

ಭಾನುವಾರ ಷಡ್ಡಕ ಹೆಂಡತಿಯೊಡನೆ ಬರುವವನಿದ್ದ. ಅಷ್ಟರೊಳಗೆ ಇವನು ಬಿಸ್ಕತ್ತಿನ ಡಬ್ಬದ ತಗಡು ಕತ್ತರಿಸಿ, ಕಪ್ಪು ಬಣ್ಣ ಬಳಿದು, ಹಳೇ ರೇಡಿಯೋಗಳ ನಾಬುಗಳನ್ನು ಸಿಕ್ಕಿಸಿ, ಒಂಬತ್ತು ಸುಳ್ಳು ಮಾಡ್ಯೂಲು ಮಾಡಿ ಬಿಗಿದ. ಹಿಂದೆ ಏನೂ ಇಲ್ಲ, ಬರೀ ಗಾಳಿ. ಹೆಂಡತಿಗೂ ಬಾಯಿಬಿಡಲಿಲ್ಲ.

ಭಾನುವಾರ ಪೆಟ್ಟಿಗೆ ಗುಂಯ್ ಎಂದಾಗ ನಾದಿನಿ ಬೆರಗಾದಳು. ಹೆಂಡತಿ ಬೀಗಿಹೋಗಿ ಷಡ್ಡಕನಿಗೆ ಹೇಳಿದಳು:

"ಆ ಕೆಂಪು ನಾಬ್ ತಿರುಗಿಸಿ ನೋಡಿ. ನನ್ನನ್ನಂತೂ ಮುಟ್ಟೋಕೇ ಬಿಡಲ್ಲ ಇವರು."

ಕೆಂಪು ನಾಬ್ ಇದ್ದದ್ದು ಸುಳ್ಳು ತಗಡಿನ ಮೇಲೆ. ಷಡ್ಡಕನ ಬೆರಳು ಕೆಂಪು ನಾಬಿನ ಮೇಲೆ ಕೂತಿತು, ತಿರುಗಿತು, ತಡೆದು ನಿಂತಿತು. ದಿನಾ ಕಟ್ಟಿಸಿದ ಹಲ್ಲು ಕೂರಿಸುವ ಬೆರಳು ಅದು, ಸುಳ್ಳು ತಿಳಿಯಿತು. ಅವನು ಒಮ್ಮೆ ಭಾವನ ಮುಖ ನೋಡಿದ. ಆಮೇಲೆ ಕೆಂಪು ನಾಬನ್ನು ನಿಧಾನವಾಗಿ ತಿರುಗಿಸುತ್ತ, ಎಡಗೈಯಲ್ಲಿ, ಹೆಂಗಸರಿಗೆ ಕಾಣದಂತೆ, ನಿಜವಾದ ಮಾಡ್ಯೂಲಿನ ನಾಬನ್ನೂ ತಿರುಗಿಸಿದ. ಸದ್ದು ತಗ್ಗಿ, ಆಳಕ್ಕಿಳಿದು, ಮತ್ತೆ ಮೇಲೆದ್ದಿತು.

"ಭಾವ, ನನ್ನದರಲ್ಲಿ ಇದು ಬರಲ್ಲ" ಎಂದ.

ಅವರು ಹೋದ ಮೇಲೆ ಹೆಂಡತಿ ಪೆಟ್ಟಿಗೆಯ ಅಂಚನ್ನು ಮೆಲ್ಲಗೆ ಸವರಿದಳು. ಇಷ್ಟು ದಿನ ಅವನು ಬಾಯಿಬಿಟ್ಟುಕೊಂಡು ಕಾದದ್ದು ಇದಕ್ಕೇ. ಆದರೆ ಅವನು ಅವಳ ಕೈ ನೋಡಲಿಲ್ಲ. ಷಡ್ಡಕನ ಜಾಗದಲ್ಲಿ ತಾನಿದ್ದರೆ ಎಲ್ಲರ ಮುಂದೆ ಆ ತಗಡನ್ನು ಕಿತ್ತು ತೋರಿಸುತ್ತಿದ್ದ, ಅದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಹೊಟ್ಟೆಕಿಚ್ಚು ಮತ್ತೆ ಹತ್ತಿಕೊಂಡಿತು, ಮೊದಲಿಗಿಂತ ಜೋರಾಗಿ. ತೇಗದ ಪೆಟ್ಟಿಗೆಗಾದರೆ ಹಲಗೆ ಆಯ್ದು ತಂದು ಸಾಟಿ ಕಟ್ಟಬಹುದಿತ್ತು. ಆ ಎಡಗೈಗೆ ಸಾಟಿಯಾದದ್ದು ಅವನ ಹತ್ತಿರ ಏನೂ ಇರಲಿಲ್ಲ.