ಓಟದ ಸದ್ದು

ಹಾಲವ್ವ ಮೊಬೈಲನ್ನು ತೋಳುದ್ದ ದೂರ ಹಿಡಿದು ಕಣ್ಣು ಕಿರಿದು ಮಾಡಿದಳು. ಅದರಲ್ಲಿ ಮುಧೋಳ ನಾಯಿಯೊಂದು ಕಬ್ಬಿನ ಹೊಲದ ಬದುವಿನಲ್ಲಿ ಮೊಲದ ಬೆನ್ನು ಹತ್ತಿತ್ತು.

"ಛಲೋ ಐತಿ ಬಿಡವಾ. ನಡಾ ಸಣ್ಣದೈತಿ, ಕಾಲು ಉದ್ದದಾವು. ಯಾರ ಮನೀದಿದು?"

"ಯಾರ ಮನೀದೂ ಅಲ್ಲ ಆಯಿ. ಆಟದಾಗ ಬರೋ ನಾಯಿ. ಹಿಂಗಿಂಗ ಬೇಕಂತ ಬರದು ಹೇಳಿದ್ರ ಎಐನೇ ಮಾಡಿ ಓಡಸ್ತದ."

ಜಮಖಂಡಿಯಿಂದ ತಿಮ್ಮಾಪುರದವರೆಗೆ, ನಾಯಿ ಸಾಕುವ ಹಾಲವ್ವನ ಹೊಲಕ್ಕೆ, ಹರ್ಷದಾ ಸ್ಕೂಟಿ ಹೊಡೆದುಕೊಂಡು ಬಂದದ್ದು ಈ 'ಛಲೋ ಐತಿ' ಕೇಳಲಿಕ್ಕಲ್ಲ. ಹುಬ್ಬಳ್ಳಿಯ ವಿಡಿಯೋ ಗೇಮ್ ಕಂಪನಿಯೊಂದಕ್ಕೆ ಆರು ವರ್ಷದಿಂದ ಪ್ರಾಣಿಗಳ ಚಿತ್ರ ಬರೆದುಕೊಡುತ್ತಿದ್ದವಳು ಅವಳು. ಕಳೆದ ವಾರ ಅಲ್ಲಿಯ ಮೇಲಧಿಕಾರಿ ರಘೂತ್ತಮ ಫೋನಿನಲ್ಲಿ ಖಡಾಖಂಡಿತ ಹೇಳಿದ್ದರು: "ಇನ್ನ ಪ್ರಾಣಿ ಎಲ್ಲಾ ಎಐನೇ ಮಾಡ್ತದ. ನಾ ಕಳಿಸಿದ ಈ ಮುಧೋಳ ನಾಯ್ಯಾಗ ಒಂದರೇ ತಪ್ಪು ತೋರಸ್ರಿ, ನಿಮ್ಮ ಕೆಲಸ ನಿಮಗ. ಸೋಮವಾರದ ತನಕಾ ನೋಡ್ತೀನಿ."

ಹೆದರುವ ಹೆಣ್ಣಲ್ಲ ಹರ್ಷದಾ. ಎಐ ಮೇಲೆ ಅವಳಿಗೆ ಸಿಟ್ಟೂ ಇರಲಿಲ್ಲ. ಹುಲ್ಲು, ಕಲ್ಲು, ಮೋಡಗಳನ್ನು ತಾನೇ ಅದರಿಂದ ಮಾಡಿಸಿಕೊಂಡಿದ್ದಳು. ಆದರೆ ಮುಧೋಳ ನಾಯಿಯ ವಿಷಯದಲ್ಲಿ ತನಗೆ ತಪ್ಪು ಸಿಗದೆ ಹೋದೀತೇ? ಮೂರು ದಿನ ಪಕ್ಕೆಲುಬು ಎಣಿಸಿದಳು, ಜಿಗಿತ ಅಳೆದಳು. ಒಂದೂ ಸಿಗಲಿಲ್ಲ. ಹಾಳಾದ್ದು, ಚೆಂದವಾಗಿಯೇ ಓಡುತ್ತಿತ್ತು.

ಮೊಬೈಲ್ ಮರಳಿಸುವಾಗ ಹಾಲವ್ವನ ಹೆಬ್ಬೆರಳು ಬದಿಯ ಸದ್ದಿನ ಗುಂಡಿಯನ್ನು ಒತ್ತಿತು. ಫೋನು ಬೌ ಬೌ ಎಂದಿತು. ಬೇವಿನ ಬುಡದಲ್ಲಿ ಕಟ್ಟಿದ್ದ ಅವಳ ಮುಧೋಳ ನಾಯಿ ರಾಣಿ ಒಂದು ಕಣ್ಣು ತೆರೆದು, ಮತ್ತೆ ಮುಚ್ಚಿಕೊಂಡಿತು.

"ಇದ್ಯಾಕ ಬೊಗಳಾಕತ್ತೈತಿ?" ಹಾಲವ್ವನ ಹುಬ್ಬು ಗಂಟಿಕ್ಕಿತು. ನಲವತ್ತು ವರ್ಷ ಈ ನಾಯಿಗಳನ್ನೇ ಸಾಕಿದವಳು. "ಬೆನ್ನ ಹತ್ತಿದ ನಾಯಿ ಎಲ್ಲೆರ ಬೊಗಳತೈತೇನ? ಅದರ ಉಸುರೆಲ್ಲಾ ಕಾಲಾಗಿರತೈತಿ!"

ಚಿತ್ರ ನೋಡಲು ಕಿವಿ ಯಾಕೆಂದು ಹರ್ಷದಾ ಮೂರು ದಿನವೂ ಸದ್ದು ಬಂದ್ ಮಾಡಿಯೇ ನೋಡಿದ್ದಳಲ್ಲ! ತನ್ನ ಮೇಲೆಯೇ ಸಿಟ್ಟು ಬಂತು, ಅದರ ಹಿಂದೆಯೇ ತಡೆಯಲಾರದ ನಗು.

"ಆಯಿ, ರಾಣೀನ್ನ ಒಮ್ಮೆ ಬಿಡ್ತೀರೇನು?"

ಹಾಲವ್ವ ಹಗ್ಗ ಬಿಚ್ಚಿ, ಹೊಲದ ತುದಿಗೆ ಕೈ ಮಾಡಿ, "ಛೂ" ಎಂದಳು. ಹರ್ಷದಾ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಅದರ ಓಟವನ್ನು ಚಿತ್ರೀಕರಿಸಿ, ಅಲ್ಲಿಂದಲೇ ರಘೂತ್ತಮರಿಗೆ ಕಳಿಸಿದಳು.

ಸ್ವಲ್ಪ ಹೊತ್ತಿಗೆ ರಘೂತ್ತಮರ ಫೋನು ಬಂತು. "ವಿಡಿಯೋ ಬಂತ್ರಿ. ಆದ್ರ ಸೌಂಡ ಬಂದಿಲ್ಲಲ್ಲ?"

"ಬಂದದ ಸರ್. ಬೆನ್ನ ಹತ್ತಿದ ನಾಯಿ ಬೊಗಳೂದಿಲ್ಲ, ಎಐ ನಾಯಿ ಬೊಗಳತದ, ಅದ ತಪ್ಪು. ಜೋರ ಮಾಡಿ ಕೇಳ್ರಿ."

ಆ ಕಡೆ ಅವರು ಅದನ್ನು ಮತ್ತೆ ಹಾಕಿದ್ದು ಕೇಳಿಸಿತು. ಮೊದಲು ಬರೀ ಗಾಳಿ. ಆಮೇಲೆ ಒಣ ಮಣ್ಣಿನ ಮೇಲೆ ನಾಲ್ಕು ಕಾಲುಗಳ ದಡದಡ, ಹತ್ತಿರ ಬಂದು, ದಾಟಿ, ದೂರವಾಯಿತು. ಓಡಿ ಬಂದ ರಾಣಿ ಹರ್ಷದಾಳ ಪಾದದ ಮೇಲೆ ಮೂತಿ ಇಟ್ಟು ಏದುಸಿರು ಬಿಡುತ್ತಿತ್ತು.

ಆ ಕಡೆ ರಘೂತ್ತಮ ಅದನ್ನೇ ಇನ್ನೊಮ್ಮೆ ಹಾಕಿದರು.