ಆಚೆ ದಡದ ಹೊಲಿಗೆ

ಕಾಜಾ ಅಕ್ಕನಿಗೆ ಹೊಟ್ಟೆ ಉರಿಯುತ್ತಿತ್ತು. ಸುಮ್ಮನೆ ಅಲ್ಲ, ಧಗಧಗ ಉರಿಯುತ್ತಿತ್ತು. ಉರಿಯದೆ ಇನ್ನೇನು ಮಾಡೀತು, ನೀವೇ ಹೇಳಿ!

ಅವಳು ಅಂಗಿಗಳ ಗುಂಡಿತೂತಿಗೆ ಕಾಜಾ ಹಾಕುತ್ತಿದ್ದ ಹೊಲಿಗೆ ಅಂಗಡಿಗೆ ಹೊಸಬಳೊಬ್ಬಳು ಬಂದಿದ್ದಳು, ನದಿಯ ಆಚೆ ದಡದವಳು. ಬಾಯಿ ತೆರೆದರೆ ಸಾಕು, ಪ್ರತಿ ಮಾತಿನ ಬಾಲ ಹಿಡಿದು ಎಳೆಯುತ್ತಿದ್ದಳು. ಅದನ್ನು ಕೇಳಿ ಇಸ್ತ್ರಿಯವನು, ಗುಂಡಿ ಹಚ್ಚುವವಳು, ಕೊನೆಗೆ ಯಜಮಾನತಿ ಕೂಡ ಕರಗಿ ನೀರಾಗುತ್ತಿದ್ದರು. "ಎಷ್ಟು ಮುದ್ದಾಗಿ ಮಾತಾಡ್ತೀಯೇ, ಇನ್ನೊಂದ್ಸಲ ಹೇಳು!"

ಮುದ್ದಂತೆ ಮುದ್ದು! ಅಕ್ಕನೂ ಅದೇ ದಡದವಳು. ಹುಡುಗಿಯಾಗಿ ಇದೇ ಅಂಗಡಿಗೆ ಬಂದಾಗ, ಅದೇ ರಾಗ ಎಳೆದಿದ್ದಕ್ಕೆ ಅವಳನ್ನು ಹುರಿದು ಮುಕ್ಕಿದ್ದರು. ಊಟದ ಹೊತ್ತಿಗೆ ಹೊರಗೆ ಮೆಟ್ಟಿಲ ಮೇಲೆ ಕೂರಿಸಿದ್ದರು. ಅವಳು ಹಲ್ಲು ಕಚ್ಚಿ ನಾಲಿಗೆ ತಿದ್ದಿಕೊಂಡಳು. ಹಳೇ ಯಜಮಾನ ತೀರಿಕೊಂಡು ಅವನ ಸೊಸೆ, ಈಗಿನ ಯಜಮಾನತಿ, ಗಲ್ಲಾ ಹಿಡಿದಳು, ಆಗಿನ ಕೆಲಸದವರೂ ಒಬ್ಬೊಬ್ಬರಾಗಿ ಬಿಟ್ಟು ಹೋದರು. ಅಕ್ಕನ ಮೂಲ ಬಲ್ಲವರು ಯಾರೂ ಉಳಿಯಲಿಲ್ಲ. ಅವಳೂ ತುಟಿ ಪಿಟಕ್ಕೆನ್ನಲಿಲ್ಲ.

ಈಗ ಗಿರಾಕಿಗಳಿಗೆ ಬಟ್ಟೆಯ ಅಂಚಿಗೆ ಹಾಕುವ ಆಚೆ ದಡದ ಹೊಲಿಗೆಯ ಹುಚ್ಚು ಹಿಡಿದಿತ್ತು. ಯಜಮಾನತಿ ಎಲ್ಲರೆದುರು ಹೇಳಿಬಿಟ್ಟಳು: "ಕಿಟಕಿ ಹತ್ತಿರದ ಮೇಜು ಇನ್ಮೇಲೆ ಹೊಸಬಳದು. ಆ ಕೆಲಸಕ್ಕೆ ಅವಳೇ ಮುಖ್ಯಸ್ಥೆ. ಅಕ್ಕಾ, ನೀನೂ ಅವಳ ಹತ್ರ ಕಲಿ."

ಕಿಟಕಿಯ ಮೇಜು ಇವತ್ತಲ್ಲ ನಾಳೆ ತನಗೇ ಅಂತ ಅಕ್ಕ ವರ್ಷಗಟ್ಟಲೆ ಕಾದಿದ್ದಳು. ನಿನ್ನೆ ಮೊನ್ನೆ ಬಂದವಳಿಗಂತೆ!

"ನಂಗ್ಯಾರೂ ಕಲಿಸೋದು ಬೇಡ," ಅಂದವಳೇ ಹೊಸಬಳ ಕೈಯಿಂದ ಬಟ್ಟೆ ಕಸಿದುಕೊಂಡಳು. ಅವಳ ಅಮ್ಮ ಆ ಹೊಲಿಗೆಗೇ ಹೆಸರಾದವಳು. ಅದರಲ್ಲಿ ದಾರವನ್ನು ಎದೆಯ ಕಡೆಗೆ ಎಳೆಯಬೇಕು. ಇಲ್ಲಿಯವರು ಹೊರಕ್ಕೆ ಎಳೆಯುತ್ತಾರೆ. ಹಳೇ ಯಜಮಾನ ಸ್ಕೇಲಿನಿಂದ ಬೆರಳಿಗೆ ಬಾರಿಸಿ ಬಾರಿಸಿ ಅವಳಿಗೂ ಅದನ್ನೇ ರೂಢಿ ಮಾಡಿಸಿದ್ದ. ಅಕ್ಕ ಒಳಕ್ಕೆ ಎಳೆಯಲು ಹೋದಳು, ಕೈ ಹೊರಕ್ಕೆ ಹೋಯಿತು. ಬಿಚ್ಚಿ ಮತ್ತೆ ಹಾಕಿದಳು. ಹಾಳಾದ ಕೈ, ಮತ್ತೆ ಹೊರಕ್ಕೇ! ಅಂಚೆಲ್ಲ ಸುಕ್ಕುಗಟ್ಟಿತು.

ಹೊಸಬಳು ಮೆಲ್ಲಗೆ ಅವಳ ಹೆಗಲು ಮುಟ್ಟಿದಳು. "ಬಿಡಿ ಅಕ್ಕಾ, ಇಲ್ಲಿಯವರ ಕೈಗೆ ಅದು ಬೇಗ ಕೂರಲ್ಲ. ನಾನು ಹೇಳಿಕೊಡ್ತೀನಿ."

ಇಲ್ಲಿಯವರು! ಆ ಒಂದು ಮಾತಿಗಾಗಿ ಅಕ್ಕ ಎಷ್ಟು ಹಂಬಲಿಸಿದ್ದಳೋ. ಈಗ ಕೇಳಿದ್ದೇ ಮೈಗೆ ಬೆಂಕಿ ಬಿದ್ದಂತಾಯಿತು.

"ನಾನೂ ಆ ದಡದವಳೇ!" ಅಂತ ಕಿರುಚಿದಳು.

"ಒಂದು ಮೇಜಿಗೋಸ್ಕರ ಹುಟ್ಟಿದೂರನ್ನೇ ಬದಲಾಯಿಸ್ತೀಯಲ್ಲೇ," ಅಂದಳು ಯಜಮಾನತಿ. "ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ?"

ಅಕ್ಕ ಉಸಿರೆಳೆದುಕೊಂಡಳು. ಅಮ್ಮ ತನ್ನನ್ನು ಊಟಕ್ಕೆ ಕರೆಯುತ್ತಿದ್ದ ಹಾಗೇ, ಅದೇ ರಾಗದಲ್ಲಿ ಕೂಗಿದಳು: "ಬಾರೇ ಮಗಳೇ, ಉಣ್ಣು ಬಾರೇಏಏ..."

ಅಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ಇಸ್ತ್ರಿಯವನು ಚಪ್ಪಾಳೆ ತಟ್ಟಿದ. "ಅಬ್ಬಬ್ಬಾ, ಏನು ಅಣಕಿಸ್ತೀಯಕ್ಕಾ! ಥೇಟ್ ಅವಳೇ!"

ಹೊಸಬಳು ಮಾತ್ರ ನಗಲಿಲ್ಲ. ಅಕ್ಕ ತನ್ನನ್ನೇ ಅಣಕಿಸಿದಳೆಂದು ಅವಳ ಕಣ್ಣು ತುಂಬಿತ್ತು. ಎಂದಿನಂತೆ ರಾಗ ಎಳೆಯಲು ಹೋಗಿ ತಡೆದುಕೊಂಡಳು. ಆಮೇಲೆ ಒಂದೊಂದೇ ಪದ ಜೋಡಿಸಿಕೊಂಡು, ಎಲ್ಲೂ ಎಳೆಯದೆ, ಇಲ್ಲಿಯವರ ಹಾಗೇ ಚುಟುಕಾಗಿ ಕೇಳಿದಳು: "ಈಗ ಸರಿಯಾಗಿ ಮಾತಾಡಿದ್ನಾ ಅಕ್ಕಾ?"