ವಾಲು ಮೇಷ್ಟ್ರು

ನನ್ನ ಚಿಕ್ಕಪ್ಪ ಎಡಕ್ಕೆ ವಾಲಿ ನಡೆಯುತ್ತಿದ್ದರು. ತುಂಬಿದ ಬಿಂದಿಗೆಯನ್ನು ಬಲಗೈಯಲ್ಲಿ ಹಿಡಿದವರು ಮೈಯನ್ನು ಇನ್ನೊಂದು ಬದಿಗೆ ಎಳೆದುಕೊಂಡು ಭಾರವನ್ನು ಸರಿದೂಗಿಸುತ್ತಾ ನಡೆಯುತ್ತಾರಲ್ಲ, ಥೇಟ್ ಹಾಗೆ; ಬಿಂದಿಗೆ ಮಾತ್ರ ಇರುತ್ತಿರಲಿಲ್ಲ. ಮೂಳೆಯ ಡಾಕ್ಟರು ಎರಡು ಸಲ ಎಕ್ಸ್-ರೇ ತೆಗೆಸಿ, ಬೆನ್ನನ್ನು ಅಲ್ಲಲ್ಲಿ ಒತ್ತಿ ನೋಡಿ, ಎಲುಬಿನಲ್ಲಿ ಯಾವ ದೋಷವೂ ಇಲ್ಲವೆಂದು ಕೈತೊಳೆದುಕೊಂಡಿದ್ದರು. ಇದ್ದದ್ದು ಸೊಂಟದ ನೆನಪು. ಹದಿನೆಂಟನೆಯ ವಯಸ್ಸಿನಿಂದ ಇಪ್ಪತ್ತೆರಡು ವರ್ಷಗಳ ಕಾಲ ಅವರ ಬಲಸೊಂಟದಲ್ಲಿ ಒಂದು ಪಿಸ್ತೂಲು ತೂಗುತ್ತಿತ್ತು. ಅದನ್ನು ಅವರು ಬಿಟ್ಟು ಬಂದು ಹತ್ತು ವರ್ಷವಾಗಿತ್ತು. ಅದಕ್ಕೆ ಪ್ರತಿಯಾಗಿ ವಾಲುವುದನ್ನು ಕಲಿತಿದ್ದ ದೇಹ ಮಾತ್ರ ಇನ್ನೂ ಬಿಟ್ಟಿರಲಿಲ್ಲ.

ಅವರು ಅಮ್ಮನ ತಂಗಿಯ ಗಂಡ, ಕಸುಬಿನಲ್ಲಿ ದರ್ಜಿ, ಅದರಲ್ಲೂ ಕೋಟು ಹೊಲಿಯುವವರು. ಹುಟ್ಟಿದ್ದು ದೂರದ ಇನ್ನೊಂದು ದೇಶದಲ್ಲಿ. ನಮ್ಮ ಭಾಷೆಯನ್ನು ಅವರಿಗೆ ಕಲಿಸಿದ್ದು ಚಿಕ್ಕಮ್ಮ ಒಬ್ಬಳೇ. ಗಂಡನನ್ನು ಅವಳು ಬಹುವಚನದಲ್ಲಿ ಮಾತಾಡಿಸುತ್ತಿದ್ದರಿಂದ ಏಕವಚನವೆಂಬುದೊಂದು ನಮ್ಮ ಭಾಷೆಯಲ್ಲಿದೆ ಎನ್ನುವುದು ಅವರಿಗೆ ಬಹುಕಾಲ ತಿಳಿಯಲೇ ಇಲ್ಲ. ನಾನು ಹನ್ನೊಂದು ವರ್ಷದವಳಿದ್ದಾಗಲೂ ನನ್ನನ್ನು ‘ನೀವು’ ಎನ್ನುತ್ತಿದ್ದರು. ಮನೆಯ ಬೆಕ್ಕನ್ನು ‘ಹಾಲು ಕುಡಿದ್ರಾ?’ ಎಂದು ವಿಚಾರಿಸುತ್ತಿದ್ದರು. ಚಿಕ್ಕಮ್ಮ ನರ್ಸಾಗಿದ್ದರಿಂದ ಆಸ್ಪತ್ರೆಯ ಮಾತುಗಳೂ ಅವರ ಬಾಯಲ್ಲಿ ಧಾರಾಳವಾಗಿ ಸೇರಿಕೊಂಡಿದ್ದವು. ಗಿರಾಕಿಯ ಎದೆಯ ಸುತ್ತ ಟೇಪು ಹಿಡಿದು ‘ಉಸಿರು ಎಳ್ಕೊಳ್ಳಿ, ನಿಧಾನಕ್ಕೆ ಬಿಡಿ, ಏನೂ ಆಗಲ್ಲ’ ಎನ್ನುವರು. ಏನಾದರೂ ಆಗಬಹುದೆಂಬ ಯೋಚನೆಯೇ ಇಲ್ಲದೆ ಬಂದಿದ್ದ ಗಿರಾಕಿ ಆಗ ಮೊದಲ ಬಾರಿಗೆ ಸ್ವಲ್ಪ ಗಾಬರಿಯಾಗುತ್ತಿದ್ದ.

ಅವರ ನಾಡಿನಲ್ಲಿ ಕೋಟಿನ ಅಳತೆ ತೆಗೆಯುವ ದರ್ಜಿ ಮೊದಲು ಕೇಳುವ ಪ್ರಶ್ನೆ ‘ಯಾವ ಕಡೆ?’ ಎಂಬುದು. ಪಿಸ್ತೂಲು ಯಾವ ಸೊಂಟದಲ್ಲಿ ಎಂದು ಅದರ ಅರ್ಥ. ಆ ಬದಿಗೆ ಒಂದು ಇಂಚು ಸಡಿಲ ಬಿಡಬೇಕು, ಒಳಗೆ ಎರಡು ಪದರ ಗಟ್ಟಿ ಬಟ್ಟೆ ಕೊಡಬೇಕು. ಕೇಳದೆ ಹೊಲಿದರೆ ಗಿರಾಕಿಗೆ ಅವಮಾನ; ನಿನಗೆ ಕಾಪಾಡಿಕೊಳ್ಳುವಂಥದ್ದು ಏನೂ ಇಲ್ಲ ಎಂದಂತೆ. ನಮ್ಮ ಊರಿಗೆ ಬಂದ ಹೊಸತರಲ್ಲಿ ಹೆಣ್ಣುಮಕ್ಕಳ ಕಾಲೇಜಿನ ಪ್ರಿನ್ಸಿಪಾಲರು ಕೋಟು ಹೊಲಿಸಲು ಬಂದಾಗ ಚಿಕ್ಕಪ್ಪ ಅಭ್ಯಾಸಬಲದಿಂದ ಅದನ್ನೇ ಕೇಳಿದರು. ಪ್ರಿನ್ಸಿಪಾಲರು ಒಂದು ಕ್ಷಣ ಯೋಚಿಸಿ, ‘ಎಡಗಡೆ ಇರ್ಲಿ’ ಎಂದರು. ಅವರು ಹೇಳಿದ್ದು ಕನ್ನಡಕದ ಡಬ್ಬಿಯ ಜೇಬಿನ ವಿಷಯ. ಚಿಕ್ಕಪ್ಪನಿಗೆ ಆ ಮನುಷ್ಯನ ಬಗ್ಗೆ ಗೌರವ ಹೆಚ್ಚಾಯಿತು. ಎಡಬದಿಗೆ ಇಂಚು ಸಡಿಲ ಬಿಟ್ಟು, ಎರಡರ ಬದಲು ಮೂರು ಪದರ ಕೊಟ್ಟು ಹೊಲಿದರು. ಇಷ್ಟು ಅನುಕೂಲದ ಜೇಬನ್ನು ತಾವು ಜನ್ಮದಲ್ಲಿ ಕಂಡಿಲ್ಲವೆಂದು ಹೊಗಳಿದ ಪ್ರಿನ್ಸಿಪಾಲರು, ಮುಂದೆ ಅವರನ್ನು ಕಾಲೇಜಿನ ಹೊಲಿಗೆ ವಿಭಾಗಕ್ಕೆ ತಾತ್ಕಾಲಿಕ ಮೇಷ್ಟ್ರಾಗಿ ಕರೆದರು.

ನಮ್ಮಲ್ಲಿ ಬಂದೂಕು ಎಂದರೆ ಬ್ಯಾಂಕಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ಕಾವಲುಗಾರನ ಮಂಡಿಯ ಮೇಲಿರುವ, ಅವನೂ ಎಂದೂ ಹಾರಿಸಿರದ ಒಂದು ವಸ್ತು. ಮರ್ಯಾದಸ್ಥರು ಅದನ್ನು ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡವನ ತಲೆ ಸರಿಯಿಲ್ಲ, ಇಲ್ಲವೇ ಅವನ ಸಹವಾಸ ಸರಿಯಿಲ್ಲ ಎಂಬುದು ಅಪ್ಪನ ಖಚಿತ ಅಭಿಪ್ರಾಯ. ಚಿಕ್ಕಪ್ಪ ಊಟಕ್ಕೆ ಬಂದಾಗಲೆಲ್ಲ ಅಪ್ಪ ಆ ವಿಷಯ ಎತ್ತುತ್ತಿದ್ದರು. ಅಲ್ಲಿ ದಿನಸಿ ಅಂಗಡಿಯ ಅಜ್ಜಿಯ ಚೀಲದಲ್ಲೂ ಪಿಸ್ತೂಲು ಇರುತ್ತದೆ, ಕ್ಷೌರಕ್ಕೆ ಹೋದರೆ ಅದನ್ನು ತೂಗುಹಾಕಲು ಬೇರೆ ಮೊಳೆ ಇರುತ್ತದೆ ಎಂದೆಲ್ಲ ಚಿಕ್ಕಪ್ಪ ಸಹಜವಾಗಿ ಹೇಳುವರು. ‘ಅಂದ್ರೆ ಎಲ್ಲರೂ ಎಲ್ಲರಿಗೂ ಹೆದರ್ಕೊಂಡೇ ಇರ್ತಾರೆ ಅನ್ನಿ’ ಎಂದು ಅಪ್ಪ ನಗುವರು. ‘ಹೌದು’ ಎಂದು ಚಿಕ್ಕಪ್ಪ ಒಪ್ಪಿಕೊಂಡುಬಿಡುವರು. ಅವರು ವಾದಿಸಿದ್ದರೆ ನಮಗೆ ಇನ್ನಷ್ಟು ಖುಷಿಯಾಗುತ್ತಿತ್ತೇನೋ. ಒಪ್ಪಿಕೊಂಡಾಗಲೂ ನಾವೆಲ್ಲ, ಹುಟ್ಟಿನಿಂದಲೇ ಒಳ್ಳೆಯವರಾದವರ ಹಾಗೆ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು.

ಚಿಕ್ಕಮ್ಮ ಆ ನಾಡಿಗೆ ಹೋದದ್ದು ಒಂದು ಕ್ಲಿನಿಕ್ಕಿನ ಕೆಲಸಕ್ಕೆ. ರೋಗಿಗಳ ಪಿಸ್ತೂಲುಗಳನ್ನು ಬಾಗಿಲಲ್ಲೇ ತೆಗೆದುಕೊಂಡು, ಡ್ರಾಯರಿನಲ್ಲಿಟ್ಟು, ಟೋಕನ್ ಕೊಡುವುದೂ ಅವಳ ಕೆಲಸದಲ್ಲಿ ಸೇರಿತ್ತು. ಹೊಲಿಗೆಯ ಸೂಜಿ ಬೆರಳಿಗೆ ಹೊಕ್ಕು ಮುರಿದಿದೆ ಎಂದು ಬಂದ ಒಬ್ಬ ದರ್ಜಿ ಪಟ್ಟಿ ಕಟ್ಟಿಸಿಕೊಂಡು, ಟೋಕನ್ನನ್ನು ಕೈಯಲ್ಲೇ ಹಿಡಿದುಕೊಂಡು, ಪಿಸ್ತೂಲು ಮರೆತು ಹೊರಟುಹೋದ. ಅಲ್ಲಿ ಯಾರೂ ಹಾಗೆ ಮರೆಯುವುದಿಲ್ಲವಂತೆ, ಬೇಕಾದರೆ ಚಪ್ಪಲಿ ಮರೆಯುತ್ತಾರಂತೆ. ‘ಈ ಗಂಡಸು ನನ್ನ ಕೈಗೆ ಸಿಕ್ಕಿ ಕೆಟ್ಟುಹೋದ ಅಂತ ನಂಗೆ ಅವತ್ತೇ ಗೊತ್ತಾಯ್ತು’ ಎಂದು ಚಿಕ್ಕಮ್ಮ ಈಗಲೂ ನಗುತ್ತಾಳೆ.

ಮದುವೆಗೆ ಅವಳು ಹಾಕಿದ ಷರತ್ತು ಒಂದೇ: ಆ ವಸ್ತು ನನ್ನ ಮನೆಯಲ್ಲಿ ಇರಕೂಡದು. ಅವರು ಅದನ್ನು ಸರ್ಕಾರಿ ಕಚೇರಿಯಲ್ಲಿ ಒಪ್ಪಿಸಿ ರಸೀದಿ ತಂದರು. ಅವರ ತಂದೆಯ ದೃಷ್ಟಿಯಲ್ಲಿ ಅದು ಮಗ ನಡುಬೀದಿಯಲ್ಲಿ ಬಟ್ಟೆ ಬಿಚ್ಚಿ ನಿಂತಂತೆ. ‘ನಾಳೆ ಯಾರಾದ್ರೂ ಅವಳ ಮೇಲೆ ಕೈಯೆತ್ತಿದ್ರೆ ಏನು ಮಾಡ್ತೀಯ, ಅವನ ಅಳತೆ ತಗೋತೀಯಾ?’ ಎಂದು ಕೇಳಿದ ಆ ಮುದುಕ ಮದುವೆಗೆ ಬರಲಿಲ್ಲ. ಆಮೇಲೆ ಮಗನ ಜೊತೆ ಮಾತನ್ನೂ ಆಡಲಿಲ್ಲ. ಅಣ್ಣತಮ್ಮಂದಿರ ಎದುರು ತಲೆ ಎತ್ತಲಾಗದೆ ಚಿಕ್ಕಪ್ಪ ಹೆಂಡತಿಯ ಜೊತೆ ನಮ್ಮ ಊರಿಗೆ ಬಂದರು. ಯಾರೂ ಏನನ್ನೂ ಇಟ್ಟುಕೊಂಡು ತಿರುಗದ ಊರು ಎಂಬುದೇ ಅವರ ಪಾಲಿಗೆ ಇದರ ವರ್ಣನೆಯಾಗಿತ್ತು.

ಅಂಥ ಊರಿನ ಹುಡುಗಿಯರಾದ ನಾವು ಅವರಿಗೆ ವಾಲು ಮೇಷ್ಟ್ರು ಎಂದು ಹೆಸರಿಟ್ಟೆವು. ಕಾಲೇಜಿನ ಅಂಗಳದಲ್ಲಿ ಅವರು ಹೊಲಿಗೆ ವಿಭಾಗದ ಕಡೆಗೆ ನಡೆದುಹೋಗುವಾಗ ಅವರ ಹಿಂದೆ ನಾಲ್ಕಾರು ಜನ ಅದೇ ಕೋನಕ್ಕೆ ವಾಲಿಕೊಂಡು ಸಾಲಾಗಿ ನಡೆಯುವುದು ಒಂದು ಆಟವಾಗಿತ್ತು. ನಾನು ಸಾಹಿತ್ಯದ ವಿದ್ಯಾರ್ಥಿನಿ, ಹೊಲಿಗೆಯವಳಲ್ಲ. ಆ ಸಾಲಿನಲ್ಲಿ ನಡೆದವಳೂ ಅಲ್ಲ. ಮೆಟ್ಟಿಲ ಮೇಲೆ ಕೂತು ನಕ್ಕಿದ್ದೇನೆ. ಎರಡನೆಯ ವರ್ಷ ರಜೆ ಮುಗಿಸಿ ಬಂದಾಗ ಚಿಕ್ಕಪ್ಪ ನೆಟ್ಟಗೆ ನಡೆಯುತ್ತಿದ್ದರು. ಆಟ ತನ್ನಷ್ಟಕ್ಕೆ ನಿಂತಿತು. ಹೇಗೆ ನೆಟ್ಟಗಾದರು ಎಂದು ನಾವು ಯಾರೂ ಕೇಳಲಿಲ್ಲ.

ನನ್ನ ಮೂರನೆಯ ವರ್ಷ ಚಿಕ್ಕಪ್ಪನ ಆ ತಾತ್ಕಾಲಿಕ ಹುದ್ದೆ ಖಾಯಂ ಆಗುವುದರಲ್ಲಿತ್ತು. ಮಂಡಿನೋವಿನಿಂದ ಚಿಕ್ಕಮ್ಮ ಕೆಲಸ ಬಿಡಬೇಕಾಗಿ ಬಂದಿತ್ತು. ಮನೆ ನಡೆಯಬೇಕಾದದ್ದು ಇನ್ನು ಅದರಿಂದಲೇ. ಆದರೆ ಚಿಕ್ಕಪ್ಪ ಸಂಬಳದ ಮಾತು ಎತ್ತುತ್ತಿರಲಿಲ್ಲ. ‘ಖಾಯಂ ಆದ್ರೆ ನಾನೂ ಈ ಊರಿನವನು ಅಂತ ಕಾಗದದಲ್ಲಿ ಬರೆದ ಹಾಗೆ’ ಎನ್ನುತ್ತಿದ್ದರು. ಸಂದರ್ಶನಕ್ಕೆ ಎರಡು ವಾರವಿದ್ದಾಗ ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ. ಹೊರಟು ನಿಂತಿದ್ದ ಅವರಿಗೆ ಗೂಟದಿಂದ ಕೋಟು ತೆಗೆದುಕೊಡುವಂತೆ ಚಿಕ್ಕಮ್ಮ ಹೇಳಿದಳು. ತೆಗೆದರೆ, ಅದರ ಬಲಬದಿ ನನ್ನ ಕೈಯನ್ನು ಕೆಳಕ್ಕೆ ಜಗ್ಗಿತು. ಕೋಟಿನ ಒಳಪದರದ ಮೇಲಿಂದ ಮುಟ್ಟಿದೆ: ಗಟ್ಟಿಯಾದ, ತಣ್ಣಗಿನ, ಚೌಕಾಕಾರದ ಏನೋ ಒಂದು. ನನ್ನ ಮುಖ ನೋಡಿ ಚಿಕ್ಕಮ್ಮ, ‘ಅದು ಅವರ ಭಾರ, ಕೊಡು ಇತ್ತ’ ಎಂದಳು. ಚಿಕ್ಕಪ್ಪ ಕೋಟು ಹಾಕಿಕೊಂಡರು.

ಅದು ಚೌಕವಾಗಿತ್ತು. ಪಿಸ್ತೂಲು ಚೌಕವಾಗಿರುವುದಿಲ್ಲ ಎಂಬುದನ್ನು ತಿಳಿಯಲು ಯಾವ ನಾಡಿನಲ್ಲೂ ಹುಟ್ಟಬೇಕಾಗಿಲ್ಲ. ನನಗೆ ಅದು ಆಗಲೇ ಗೊತ್ತಿತ್ತು ಎಂಬುದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನು ಬರೆಯುವ ಹಕ್ಕು ನನಗಿಲ್ಲ.

ಮರುದಿನ ಕ್ಯಾಂಟೀನಿನಲ್ಲಿ ಆರು ಜನ ಕೂತಿದ್ದೆವು. ನಾವು ರೇಡಿಯೋ ಎಂದು ಕರೆಯುತ್ತಿದ್ದ ಗೆಳತಿ ತನ್ನ ಅಣ್ಣನ ಪೊಲೀಸ್ ತರಬೇತಿಯ ಸಾಹಸಗಳನ್ನು ಹೇಳುತ್ತಿದ್ದಳು. ಆ ಗುಂಪಿನಲ್ಲಿ ನಾನು ಯಾವಾಗಲೂ ಕೇಳುವವಳು. ನನ್ನ ಮಾತಿಗೆ ಯಾರೂ ಲೋಟವನ್ನು ಕೆಳಗಿಟ್ಟವರಲ್ಲ. ‘ನಮ್ಮ ಚಿಕ್ಕಪ್ಪ ಈಗಲೂ ಇಟ್ಕೊಂಡೇ ಓಡಾಡ್ತಾರೆ’ ಎಂದೆ. ‘ಏನನ್ನ?’ ಎಂದಳು ರೇಡಿಯೋ. ನಾನು ಸೊಂಟದ ಬಲಬದಿಯನ್ನು ಎರಡು ಬೆರಳಿನಿಂದ ತಟ್ಟಿಕೊಂಡೆ. ಐದೂ ಲೋಟಗಳು ಮೇಜಿನ ಮೇಲೆ ಕೂತವು. ಅಷ್ಟು ಹಿತವಾದ ಮೌನವನ್ನು ನಾನು ಅದಕ್ಕೆ ಮೊದಲು ಅನುಭವಿಸಿರಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಸ್ಟಾಫ್ ರೂಮಿನ ಕಿಟಕಿಗಳಲ್ಲಿ ಹುಡುಗಿಯರು ಗಿಜಿಗುಟ್ಟುತ್ತಿದ್ದರು. ಒಳಗೆ ಪ್ರಿನ್ಸಿಪಾಲರು, ಚಿಕ್ಕಪ್ಪ ಹೊಲಿದುಕೊಟ್ಟ ಅದೇ ಕೋಟಿನಲ್ಲಿ. ಪಕ್ಕದಲ್ಲಿ ಒಬ್ಬ ಇನ್ಸ್‌ಪೆಕ್ಟರು. ‘ತಪ್ಪು ತಿಳೀಬೇಡಿ ಮೇಷ್ಟ್ರೇ, ಕೋಟು ಸ್ವಲ್ಪ ತೆಗೀತೀರಾ’ ಎಂದು ಪ್ರಿನ್ಸಿಪಾಲರು ಕೇಳಿದರು. ಚಿಕ್ಕಪ್ಪನಿಗೆ ಎಲ್ಲ ಅರ್ಥವಾಯಿತೆಂದು ಕಾಣುತ್ತದೆ. ಅವರು ನಿಧಾನವಾಗಿ ಗೋಡೆಯ ಕಡೆಗೆ ತಿರುಗಿ, ಎಡಗೈಯನ್ನು ತಲೆಯ ಮೇಲಕ್ಕೆತ್ತಿ, ಬಲಗೈಯ ಎರಡೇ ಬೆರಳಿನಲ್ಲಿ ಕೋಟಿನ ಅಂಚನ್ನು ಎತ್ತಿ ಹಿಡಿದು ನಿಂತರು. ಅವರ ನಾಡಿನಲ್ಲಿ ಅದು ಸಭ್ಯತೆ. ನನ್ನಿಂದ ನಿಮಗೆ ಭಯ ಬೇಡ ಎನ್ನುವ ರೀತಿ. ಇಲ್ಲಿ ಅದನ್ನು ಕಂಡ ಹುಡುಗಿಯರು ಕಿಟಕಿಯ ಅಂಚಿನ ಕೆಳಗೆ ತಲೆ ತಗ್ಗಿಸಿದರು. ಇನ್ಸ್‌ಪೆಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಇದೆಲ್ಲ ಇಷ್ಟು ಚೆನ್ನಾಗಿ ಗೊತ್ತಿದ್ದವನ ಹತ್ತಿರ ಪಿಸ್ತೂಲು ಇಲ್ಲದೇ ಇರುತ್ತದೆಯೇ ಎಂದು ಎಲ್ಲರ ಮುಖದ ಮೇಲೂ ಬರೆದಿತ್ತು.

ಆಗ ಒಳಗೆ ಹೋಗಿ ಒಂದು ವಾಕ್ಯ ಹೇಳಿದ್ದರೆ ಸಾಕಾಗಿತ್ತು. ಬಾಗಿಲು ನನ್ನಿಂದ ಐದು ಹೆಜ್ಜೆ ದೂರದಲ್ಲಿತ್ತು. ರೇಡಿಯೋ ನನ್ನ ತೋಳು ಹಿಡಿದುಕೊಂಡಿದ್ದಳು, ಗಟ್ಟಿಯಾಗೇನೂ ಅಲ್ಲ.

ಇನ್ಸ್‌ಪೆಕ್ಟರು ಕೋಟಿನ ಒಳಪದರವನ್ನು ಹರಿಯಲು ಕೈಹಾಕಿದಾಗ ಚಿಕ್ಕಪ್ಪ ತಿರುಗದೆಯೇ, ‘ಹರೀಬೇಡಿ, ಬಿಚ್ಚಿ ಕೊಡ್ತೀನಿ’ ಎಂದರು. ಕೋಟು ಕಳಚಿ, ಮೇಜಿನ ಮುಂದೆ ಕೂತು, ಕನ್ನಡಕ ಹಾಕಿಕೊಂಡು, ಸಣ್ಣ ಕತ್ತರಿಯ ಮೊನೆಯಿಂದ ಒಂದೊಂದೇ ಹೊಲಿಗೆ ಬಿಚ್ಚತೊಡಗಿದರು. ಒತ್ತೊತ್ತಾಗಿ ಹಾಕಿದ ಹೊಲಿಗೆ. ಬಹಳ ಹೊತ್ತು ಹಿಡಿಯಿತು. ಪ್ರಿನ್ಸಿಪಾಲರು ಕುರ್ಚಿಯನ್ನು ಮೇಜಿನಿಂದ ಹಿಂದಕ್ಕೆ ಜರುಗಿಸಿಕೊಂಡರು. ಅದನ್ನು ಗಮನಿಸಿದ ಚಿಕ್ಕಪ್ಪ ತಲೆಯೆತ್ತದೆ, ತಮ್ಮ ಮಾಮೂಲು ದನಿಯಲ್ಲಿ, ‘ಏನೂ ಆಗಲ್ಲ’ ಎಂದರು. ಕೊನೆಗೆ ಹೊರಬಂದದ್ದು ಬಟ್ಟೆ ಕತ್ತರಿಸುವಾಗ ಸರಿಯದಂತೆ ಮೇಲಿಡುವ ಕಬ್ಬಿಣದ ಚೌಕ ತುಂಡು, ಅದಕ್ಕೆ ಅಚ್ಚುಕಟ್ಟಾಗಿ ಹೊಲಿದ ಒಂದು ಗವಸು. ಇದು ಯಾಕೆ ಎಂದು ಇನ್ಸ್‌ಪೆಕ್ಟರು ಕೇಳಿದರು.

‘ನೆಟ್ಟಗೆ ನಡೆಯೋಕೆ. ಮಕ್ಕಳು ನಗ್ತಿದ್ರು.’

ಕಿಟಕಿಗಳು ಒಂದೊಂದಾಗಿ ಖಾಲಿಯಾದವು.

ಏನೂ ಸಿಗದಿದ್ದರೂ ಏನೋ ಸಿಕ್ಕಿದವರಂತೆಯೇ ಊರು ನಡೆದುಕೊಂಡಿತು. ಸುಮ್ಮಸುಮ್ಮನೆ ಪೊಲೀಸರು ಬರುತ್ತಾರೆಯೇ ಎಂದು ತಂದೆತಾಯಂದಿರು ಕೇಳಿದರಂತೆ. ಅಪ್ಪ ಕೂಡ ಒಮ್ಮೆ ಅದನ್ನೇ ಕೇಳಿ, ಅಮ್ಮನ ಮುಖ ಕಂಡು ಪೇಪರು ಎತ್ತಿಕೊಂಡರು. ಖಾಯಂ ಹುದ್ದೆಯ ಮಾತು ಮುಂದಕ್ಕೆ ಹೋಯಿತು. ಇನ್ನೊಂದು ವರ್ಷ ತಾತ್ಕಾಲಿಕವಾಗಿ ಮುಂದುವರಿಯಬಹುದು, ಭಾರದ ವಸ್ತು ಯಾವುದನ್ನೂ ಮೈಮೇಲೆ ಇಟ್ಟುಕೊಂಡು ಕಾಲೇಜಿನೊಳಗೆ ಬರಕೂಡದು ಎಂದು ಪತ್ರ ಬಂತು. ಚಿಕ್ಕಪ್ಪ ಅದಕ್ಕೆ ಸಹಿ ಮಾಡಿಕೊಟ್ಟರು. ಅವರು ಮತ್ತೆ ವಾಲಿಕೊಂಡು ಅಂಗಳ ದಾಟತೊಡಗಿದರು. ಯಾರೂ ನಗುತ್ತಿರಲಿಲ್ಲ, ದಾರಿ ಬಿಟ್ಟು ಬದಿಗೆ ನಿಲ್ಲುತ್ತಿದ್ದರು. ಅದಕ್ಕಿಂತ ನಗುತ್ತಿದ್ದುದೇ ಮೇಲಾಗಿತ್ತು.

ಮೂರು ವಾರ ಅವರ ಮನೆಯ ಬೀದಿಯನ್ನೇ ತಪ್ಪಿಸಿ, ನಾಲ್ಕನೆಯ ಭಾನುವಾರ ಹೋದೆ. ಅವರು ಒಂದು ತೋಳಿಗೆ ಸೀಮೆಸುಣ್ಣದ ಗೆರೆ ಹಾಕುತ್ತಿದ್ದರು. ಹೇಳಿದವಳು ನಾನೇ ಎಂದೆ. ಗೆರೆ ಮುಗಿಸಿ, ‘ಗೊತ್ತು. ಕೋಟು ಕೊಡುವಾಗ ನಿಮ್ಮ ಮುಖ ನೋಡಿದ್ದೆ’ ಎಂದರು. ಸೀಮೆಸುಣ್ಣ ಕೆಳಗಿಟ್ಟು, ರೋಗಿಯನ್ನು ವಿಚಾರಿಸುವಷ್ಟು ಮೃದುವಾಗಿ ಕೇಳಿದರು:

‘ಹೆದರಿದ್ರಾ?’

ಹೌದು ಎಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಆ ಉತ್ತರವನ್ನು ಅವರು ನನಗಾಗಿ ಸಿದ್ಧಮಾಡಿ, ಮಡಿಚಿ, ಕೈಗೆ ಕೊಡುತ್ತಿದ್ದಂತಿತ್ತು. ಅಡುಗೆಮನೆಯ ಬಾಗಿಲಲ್ಲಿ ಚಿಕ್ಕಮ್ಮ ಒರೆಸುತ್ತಿದ್ದ ಪಾತ್ರೆಯನ್ನು ಒರೆಸುತ್ತಲೇ ನಿಂತಿದ್ದಳು.

‘ಇಲ್ಲ. ಗೆಳತಿಯರು ನನ್ನ ಮಾತು ಕೇಳ್ಲಿ ಅಂತ ಹೇಳಿದೆ.’

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಪರಭಾಷೆಯ ಒಂದು ಪದವನ್ನು ಎಷ್ಟು ಸಲ ಕೇಳಿದರೂ ಅರ್ಥವಾಗದೆ ನಿಂತವರ ಮುಖ ಅದು.

‘ಹೆದರಿದ್ರೆ ಪರವಾಗಿಲ್ಲ ಅಂದ್ಕೊಂಡಿದ್ದೆ’ ಎಂದರು. ‘ಅಲ್ಲಿ ಏನು ಮಾಡಿದ್ರೂ ಹೆದರಿಕೆಯಿಂದ ಮಾಡ್ತಾರೆ. ಅದು ನಂಗೆ ಗೊತ್ತಾಗುತ್ತೆ.’ ಮತ್ತೆ ಸೀಮೆಸುಣ್ಣ ಕೈಗೆತ್ತಿಕೊಂಡು, ಊಟ ಮಾಡಿಕೊಂಡು ಹೋಗಿ ಎಂದರು.

ಇಂಥವರನ್ನು ಆಮೇಲೆ ನಾನು ಬೇರೆ ಬೇರೆ ರೂಪಗಳಲ್ಲಿ ಕಂಡಿದ್ದೇನೆ. ಹುಟ್ಟಿದ ನೆಲ ಕಲಿಸಿದ ಹೆದರಿಕೆಯನ್ನು ಒಬ್ಬರ ಪ್ರೀತಿಗಾಗಿ ಕಳಚಿಟ್ಟು, ತಮ್ಮವರ ತಿರಸ್ಕಾರವನ್ನು ಹೊತ್ತು, ಬರಿಗೈಯಲ್ಲಿ ಹೊಸ ಊರಿಗೆ ಬಂದು ನಿಲ್ಲುವವರು. ಅವರ ಸೌಮ್ಯತೆಯ ಹಿಂದೆ ಒಂದು ತ್ಯಾಗವಿರುತ್ತದೆ. ಅದಕ್ಕೇ ಅವರು ನಮ್ಮ ಸೌಮ್ಯತೆಯನ್ನೂ ಅಂಥದ್ದೇ ಎಂದು ನಂಬಿಬಿಡುತ್ತಾರೆ. ನಾವು ಯಾವುದನ್ನೂ ಬಿಟ್ಟುಕೊಟ್ಟವರಲ್ಲ. ಬಿಟ್ಟುಕೊಡಲು ನಮ್ಮ ಕೈಯಲ್ಲಿ ಏನೂ ಇರಲೇ ಇಲ್ಲ. ಕೈಯಲ್ಲಿ ಆಯುಧವಿಲ್ಲದವರು ಯಾರಿಗೂ ನೋವು ಮಾಡಲಾರರು ಎಂಬ ಒಂದೇ ನಂಬಿಕೆಯ ಮೇಲೆ ಅವರು ತಮ್ಮ ಉಳಿದ ಆಯುಷ್ಯವನ್ನು ನಮ್ಮ ನಡುವೆ ಇಟ್ಟಿರುತ್ತಾರೆ. ಅದು ಸುಳ್ಳೆಂದು ಅವರಿಗೆ ತಿಳಿಸುವವರು ಯಾರೋ ದುಷ್ಟರಾಗಿರುವುದಿಲ್ಲ. ಅವರ ಮನೆಯಲ್ಲಿ ಉಂಡು, ಅವರಿಂದ ಬಹುವಚನದಲ್ಲಿ ಕರೆಸಿಕೊಂಡು ಬೆಳೆದ, ನನ್ನಂಥ ಯಾವಳೋ ಒಬ್ಬ ಸಾಧು ಹುಡುಗಿಯಾಗಿರುತ್ತಾಳೆ.